ಮೂತ್ರಪಿಂಡದ ಒಂದು ಕೋಶವನ್ನು ಅದರ ಜೀನ್‌ಗಳವರೆಗೆ ಹಿಂಬಾಲಿಸುವುದು ಹೇಗೆ

ಮೂತ್ರಪಿಂಡದಲ್ಲಿ ರಕ್ತ ಸೋಸುವ ಜಾಲದ ಭಾಗವಾದ ಪೋಡೋಸೈಟ್ ಎಂಬ ಕೋಶವನ್ನು ರೂಪಿಸುವ ಜೀನ್ ಯಾವುದು ಎಂದು ಕೇಳಿದರೆ ಜೀವಶಾಸ್ತ್ರ ಓದಿದವರು ಡಬ್ಲ್ಯೂಟಿ1 ಎಂದು ಥಟ್ಟನೆ ಹೇಳುತ್ತಾರೆ. ಉತ್ತರ ತಪ್ಪಲ್ಲ. ಆದರೆ ಇದೇ ಜೀನನ್ನು ಪೂರ್ತಿಯಾಗಿ ತೆಗೆದುಹಾಕಿದ ಇಲಿಯ ಭ್ರೂಣದಲ್ಲಿ ಪೋಡೋಸೈಟ್ ಇರಲಿ, ಮೂತ್ರಪಿಂಡವೇ ಬೆಳೆಯುವುದಿಲ್ಲ ಎಂಬುದು 1993ರಲ್ಲಿಯೇ ತಿಳಿದುಬಂದಿತ್ತು. ಹಾಗಾದರೆ ಅದು ಒಂದು ಕೋಶದ ಜೀನೋ, ಇಡೀ ಅಂಗದ ಜೀನೋ? ಎರಡೂ ಹೌದು, ಆದರೆ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕೋಶಗಳಲ್ಲಿ. ಆದ್ದರಿಂದ ‘ಈ ಕೋಶಕ್ಕೆ ಯಾವ ಜೀನ್’ ಎಂದು ಜೋಡಿ ಹೊಂದಿಸುವ ಅಭ್ಯಾಸವನ್ನು ಬಿಟ್ಟು, ಕೋಶವನ್ನು ಅದರ ಹುಟ್ಟಿನಿಂದ ಹಿಂಬಾಲಿಸುವುದನ್ನು ಕಲಿಯಬೇಕು. ಒಂದು ಹಾಳೆಯ ಮೇಲೆ ಐದು ಸಾಲುಗಳಲ್ಲಿ ಇದನ್ನು ಮಾಡಬಹುದು: ಮೂಲ, ಸಮಯ, ಹೊರಗಿನ ಸಂಕೇತ, ಒಳಗಿನ ನಿಯಂತ್ರಕ ಜೀನ್‌ಗಳು, ಸಾಕ್ಷ್ಯ. ಆ ಸಾಲುಗಳನ್ನು ತುಂಬುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಶುರು ಮಾಡುವ ಮುನ್ನ ಒಂದು ಸಣ್ಣ ಎಚ್ಚರಿಕೆ. ಆಂಗ್ಲ ಲಿಪಿಯಲ್ಲಿ ಮನುಷ್ಯನ ಜೀನಿನ ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿಯೂ ಇಲಿಯ ಜೀನಿನ ಹೆಸರಿನಲ್ಲಿ ಮೊದಲನೆಯದನ್ನು ಮಾತ್ರ ದೊಡ್ಡಕ್ಷರದಲ್ಲಿಯೂ ಬರೆಯುವ ರೂಢಿಯಿದೆ. ಕನ್ನಡ ಲಿಪಿಯಲ್ಲಿ ಆ ಸೌಲಭ್ಯವಿಲ್ಲ. ಹಾಗಾಗಿ ಟಿಪ್ಪಣಿ ಮಾಡಿಕೊಳ್ಳುವಾಗ ‘ಇಲಿಯಲ್ಲಿ’, ‘ಮನುಷ್ಯರಲ್ಲಿ’ ಎಂದು ಪ್ರತಿ ಬಾರಿಯೂ ಸ್ಪಷ್ಟವಾಗಿ ಬರೆದುಕೊಳ್ಳಿ; ಈ ಎರಡು ಪದಗಳು ಮುಂದೆ ಎಷ್ಟು ಮುಖ್ಯವಾಗುತ್ತವೆ ಎಂಬುದು ಗೊತ್ತಾಗುತ್ತದೆ.

ಮೊದಲ ಸಾಲು: ಕೋಶದ ಮೂಲ

ಮೂತ್ರಪಿಂಡದ ಎಲ್ಲ ಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ. ಪ್ರೋಟೀನ್‌ಗೆ ಸಂಬಂಧಿಸಿದ ಸುಮಾರು 20,000 ಜೀನ್‌ಗಳ ಪೈಕಿ ಯಾವ ಕೋಶದಲ್ಲಿ ಯಾವುವು ಚಾಲೂ ಆಗಿವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸವಿದೆ, ಮತ್ತು ಆ ವ್ಯತ್ಯಾಸ ಶುರುವಾಗುವುದು ಭ್ರೂಣದ ನಡು ಮಧ್ಯಸ್ತರ ಎಂಬ ಕಿರಿದಾದ ಪಟ್ಟಿಯಲ್ಲಿ. ಓಎಸ್‌ಆರ್1, ಎಲ್‌ಎಚ್‌ಎಕ್ಸ್1, ಪ್ಯಾಕ್ಸ್2, ಪ್ಯಾಕ್ಸ್8 ಎಂಬ ಜೀನ್‌ಗಳು ಈ ಪಟ್ಟಿಗೆ ಗುರುತು ಕೊಡುತ್ತವೆ. ಅಲ್ಲಿಂದ ಮೊದಲು ಒಂದು ನಾಳ ಹುಟ್ಟುತ್ತದೆ. ಆ ನಾಳದ ಹಿಂಭಾಗದ ಪಕ್ಕದಲ್ಲಿ ಮೀಸೆಂಕೈಮ್ ಎಂಬ ಸಡಿಲ ಕೋಶಗಳ ಗುಂಪು ನೆಲೆಗೊಳ್ಳುತ್ತದೆ. ಮನುಷ್ಯರಲ್ಲಿ ಗರ್ಭದ ಐದನೆಯ ವಾರದ ಹೊತ್ತಿಗೆ ಈ ನಾಳದಿಂದ ಒಂದು ಮೊಗ್ಗು ಹೊರಟು ಮೀಸೆಂಕೈಮಿನೊಳಗೆ ಹೊಕ್ಕು ಕವಲೊಡೆಯಲು ತೊಡಗುತ್ತದೆ.

ಹಾಳೆಯ ಮೇಲೆ ಮೂರು ಕಂಬಗಳನ್ನು ಎಳೆಯಿರಿ. ಮೊದಲ ಕಂಬ ಆ ಮೊಗ್ಗಿನದು: ಸಂಗ್ರಹ ನಾಳಗಳು, ಮೂತ್ರಪಿಂಡದ ಬಟ್ಟಲು, ಮೂತ್ರನಾಳದ ಒಳಪದರ ಇದರ ಸಂತತಿ. ಎರಡನೆಯದು ಸಿಕ್ಸ್2 ಜೀನ್ ಚಾಲೂ ಇರುವ ಜನಕಕೋಶಗಳದು: ಪೋಡೋಸೈಟಿನಿಂದ ಹಿಡಿದು ಸಂಗ್ರಹ ನಾಳಕ್ಕೆ ಕೂಡುವ ಕೊಳವೆಯವರೆಗೆ ಮೂತ್ರ ತಯಾರಿಸುವ ಕಿರುಘಟಕವಾದ ನೆಫ್ರಾನಿನ ಎಪಿಥೀಲಿಯಂ (ಒತ್ತಾಗಿ ಜೋಡಿಸಿದ ಪದರದ) ಕೋಶಗಳೆಲ್ಲ ಇದರಿಂದ ಬಂದವು ಎಂಬುದನ್ನು 2008ರಲ್ಲಿ ಇಲಿಯಲ್ಲಿ ತೋರಿಸಲಾಯಿತು. ಮೂರನೆಯದು ಫಾಕ್ಸ್‌ಡಿ1 ಜೀನಿನ ಕೋಶಗಳದು: ನೆಫ್ರಾನ್‌ಗಳ ನಡುವಿನ ಫೈಬ್ರೋಬ್ಲಾಸ್ಟ್‌ಗಳು, ರಕ್ತನಾಳಗಳ ಸ್ನಾಯುಕೋಶಗಳು, ರಕ್ತದೊತ್ತಡದ ಹತೋಟಿಗೆ ಬೇಕಾದ ರೆನಿನ್ ಸ್ರವಿಸುವ ಕೋಶಗಳು, ರಕ್ತ ಸೋಸುವ ಸೂಕ್ಷ್ಮನಾಳಗಳ ಗೊಂಚಲಾದ ಗ್ಲೋಮೆರುಲಸ್ಸಿನೊಳಗೆ ಆ ನಾಳಗಳಿಗೆ ಆಸರೆಯಾದ ಮೆಸಾಂಜಿಯಲ್ ಕೋಶಗಳು. ರಕ್ತನಾಳಗಳ ಒಳಪದರದ ಕೋಶಗಳನ್ನು ಈ ಮೂರರಲ್ಲಿ ಯಾವುದಕ್ಕೂ ಸೇರಿಸದೆ ಪಕ್ಕದಲ್ಲಿ ಪ್ರತ್ಯೇಕವಾಗಿ ಬರೆದುಕೊಳ್ಳುವುದು ಒಳ್ಳೆಯದು.

ಕೋಶ ಈಗ ಎಲ್ಲಿದೆ ಎಂಬುದನ್ನು ನೋಡಿ ಕಂಬವನ್ನು ಆರಿಸಬೇಡಿ. ಪೋಡೋಸೈಟ್ ಮತ್ತು ಮೆಸಾಂಜಿಯಲ್ ಕೋಶ ಒಂದೇ ಗ್ಲೋಮೆರುಲಸ್ಸಿನಲ್ಲಿ ಅಕ್ಕಪಕ್ಕದಲ್ಲೇ ಕೂತಿದ್ದರೂ ಅವು ಬೇರೆ ಬೇರೆ ಕಂಬದವು. ಇದಕ್ಕೆ ತಿರುಗುಮುರುಗಾಗಿ, ಆಮ್ಲ ಹೊರಹಾಕುವ ಇಂಟರ್‌ಕ್ಯಾಲೇಟೆಡ್ ಕೋಶಗಳು ಮೊದಲ ಕಂಬದ ಸಂಗ್ರಹ ನಾಳದಲ್ಲಿಯೂ ಇವೆ, ಎರಡನೆಯ ಕಂಬದ ಕೂಡುಕೊಳವೆಯಲ್ಲಿಯೂ ಇವೆ. ಮೂಲ ಬೇರೆಯಾದರೂ ಒಂದೇ ಬಗೆಯ ಕೋಶವಾಗಬಹುದು ಎಂದಾಯಿತು.

ಎರಡನೆಯ ಸಾಲು: ಯಾವ ಹೊತ್ತು

ಡಬ್ಲ್ಯೂಟಿ1 ಕಥೆಗೆ ಮರಳೋಣ. ಅದು ಕನಿಷ್ಠ ಮೂರು ಬಾರಿ ರಂಗಕ್ಕೆ ಬರುತ್ತದೆ. ಮೊಗ್ಗು ಒಳಹೊಗುವ ಮುನ್ನ ಮೀಸೆಂಕೈಮ್ ಕೋಶಗಳು ಬದುಕುಳಿಯಲು ಅದು ಬೇಕು. ಇಲ್ಲದಿದ್ದರೆ ಆ ಕೋಶಗಳು ಸಾಯುತ್ತವೆ, ಮೊಗ್ಗೂ ಹೊರಡುವುದಿಲ್ಲ. ನಂತರ ಸಡಿಲ ಕೋಶಗಳು ಒತ್ತಾಗಿ ಕೂಡಿ ಎಪಿಥೀಲಿಯಂ ಆಗಿ ಮಾರ್ಪಡುವಾಗ ವಿಂಟ್4 ಜೀನನ್ನು ಚಾಲೂ ಮಾಡುವುದಕ್ಕೆ ಅದು ಬೇಕು. ಮೂರನೆಯದಾಗಿ, ಪೋಡೋಸೈಟ್ ಆದ ಮೇಲೂ ಅದು ಆ ಕೋಶದಲ್ಲಿ ಜೀವಮಾನವಿಡೀ ಚಾಲೂ ಇರುತ್ತದೆ. ಬೆಳೆದ ಇಲಿಯಲ್ಲಿ ಅದನ್ನು ತೆಗೆದರೆ ಗ್ಲೋಮೆರುಲಸ್‌ಗಳು ಬೇಗನೆ ಕೆಡುತ್ತವೆ. ಹೀಗೆ ಒಂದೇ ಜೀನ್ ಮೊದಲು ಉಳಿಸುತ್ತದೆ, ಆಮೇಲೆ ತಿರುಗಿಸುತ್ತದೆ, ಕೊನೆಗೆ ಕಾಯುತ್ತದೆ. ಇಷ್ಟೇ ಅಲ್ಲ, ಹೃದಯದ ಹೊರಪದರದಲ್ಲಿ ಇದೇ ಪ್ರೋಟೀನ್ ಅದೇ ವಿಂಟ್4 ಜೀನನ್ನು ಚಾಲೂ ಮಾಡುವ ಬದಲು ಅದುಮಿಡುತ್ತದೆ. ಆದ್ದರಿಂದ ಜೀನಿನ ಹೆಸರಿನ ಮುಂದೆ ಕ್ರಿಯಾಪದವನ್ನು ಬರೆಯುವಾಗಲೆಲ್ಲ ‘ಯಾವ ಕೋಶದಲ್ಲಿ, ಯಾವಾಗ’ ಎಂಬುದನ್ನೂ ಸೇರಿಸಿಯೇ ಬರೆಯಬೇಕು.

ಸಮಯವನ್ನು ಗುರುತಿಸಲು ನೆಫ್ರಾನಿನ ಆಕಾರವೇ ಒಳ್ಳೆಯ ಗಡಿಯಾರ. ಮೊದಲು ಕೋಶಗಳ ಗುಡ್ಡೆ, ಆಮೇಲೆ ಒಳಗೆ ಪೊಳ್ಳಾದ ಕಿರುಚೀಲ, ಅದು ಬಾಗಿ ಅಲ್ಪವಿರಾಮದ ಆಕಾರ, ಮತ್ತೆ ಬಾಗಿ ಆಂಗ್ಲದ ‘ಎಸ್’ ಅಕ್ಷರದ ಆಕಾರ, ಕೊನೆಗೆ ರಕ್ತನಾಳಗಳು ಹೊಕ್ಕು ಗ್ಲೋಮೆರುಲಸ್. ಎಸ್ ಆಕಾರದ ಹಂತದಲ್ಲಿ ಒಂದು ತುದಿ ಪೋಡೋಸೈಟ್ ಆಗುವತ್ತ, ನಡುವಿನ ಭಾಗ ಗ್ಲೋಮೆರುಲಸ್ಸಿಗೆ ಸಮೀಪದ ಕೊಳವೆಯಾಗುವತ್ತ, ಸಂಗ್ರಹ ನಾಳಕ್ಕೆ ಅಂಟಿಕೊಂಡ ಇನ್ನೊಂದು ತುದಿ ದೂರದ ಕೊಳವೆಯಾಗುವತ್ತ ಆಗಲೇ ಹೊರಟಾಗಿರುತ್ತದೆ. ಇಲ್ಲೊಂದು ಸೊಗಸಾದ ಸಂಗತಿಯಿದೆ. ಜನಕಕೋಶಗಳೆಲ್ಲ ಒಟ್ಟಿಗೆ ಕೂಡಿ, ಆಮೇಲೆ ಪಾಲು ಹಂಚಿಕೊಳ್ಳುತ್ತವೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಅವು ಒಂದರ ಹಿಂದೆ ಒಂದು ಬಂದು ಸೇರುತ್ತವೆ, ಮೊದಲು ಬಂದವು ದೂರದ ಕೊಳವೆಯ ಕಡೆಗೂ ಕೊನೆಗೆ ಬಂದವು ಪೋಡೋಸೈಟಿನ ಕಡೆಗೂ ಹೋಗುತ್ತವೆ ಎಂಬುದನ್ನು 2018ರಲ್ಲಿ ಪ್ರಕಟವಾದ ಕೆಲಸ ತೋರಿಸಿತು. ಸಾಲಿನಲ್ಲಿ ಎಷ್ಟನೆಯವನು ಎಂಬುದೂ ಹಣೆಬರಹದ ಒಂದು ಭಾಗವೇ ಸರಿ.

ಮನುಷ್ಯರಲ್ಲಿ ಹೊಸ ನೆಫ್ರಾನ್ ಹುಟ್ಟುವುದು ಗರ್ಭದ ಸುಮಾರು 36ನೆಯ ವಾರಕ್ಕೆ ನಿಂತುಹೋಗುತ್ತದೆ. ಇಲಿಯಲ್ಲಿ ಹುಟ್ಟಿದ ಮೇಲೂ ಕೆಲವು ದಿನ ಮುಂದುವರಿಯುತ್ತದೆ. ಮನುಷ್ಯನ ಒಂದು ಮೂತ್ರಪಿಂಡದಲ್ಲಿ ಸರಾಸರಿ 10 ಲಕ್ಷದಷ್ಟು ನೆಫ್ರಾನ್‌ಗಳಿದ್ದು, ವ್ಯಕ್ತಿಯಿಂದ ವ್ಯಕ್ತಿಗೆ ಈ ಸಂಖ್ಯೆ ಹಲವು ಪಟ್ಟು ವ್ಯತ್ಯಾಸವಾಗುತ್ತದೆ. ಜೀನ್‌ಗಳ ವೇಳಾಪಟ್ಟಿಯೂ ಬೇರೆ: ಸಿಕ್ಸ್1 ಇಲಿಯ ಜನಕಕೋಶಗಳಲ್ಲಿ ಆರಂಭದಲ್ಲೇ ಆರಿಹೋಗುತ್ತದೆ, ಮನುಷ್ಯರಲ್ಲಿ ಸಿಕ್ಸ್2 ಜೊತೆಗೆ ಬಹುಕಾಲ ಉಳಿಯುತ್ತದೆ. ‘ಇಲಿಯಲ್ಲಿ’ ಎಂದು ಬರೆದುಕೊಳ್ಳಿ ಎಂದದ್ದು ಇದಕ್ಕೇ.

ಮೂರನೆಯ ಸಾಲು: ಯಾರು ಹೇಳಿದರು, ಯಾರು ಕೇಳಿಸಿಕೊಂಡರು

ಮೊಗ್ಗನ್ನೂ ಮೀಸೆಂಕೈಮನ್ನೂ ಬೇರೆ ಬೇರೆಯಾಗಿ ಸಾಕಿದರೆ ಎರಡೂ ಬೆಳೆಯುವುದಿಲ್ಲ. ಜೊತೆಯಲ್ಲಿಟ್ಟರೆ ಬೆಳೆಯುತ್ತವೆ ಎಂಬುದನ್ನು 1950ರ ದಶಕದಲ್ಲಿ ಕ್ಲಿಫರ್ಡ್ ಗ್ರೋಬ್‌ಸ್ಟೈನ್ ಇಲಿಯ ಭ್ರೂಣದ ಅಂಗಾಂಶಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತಿಳಿದೆವು. ನಡುವೆ ಸೋಸುಹಾಳೆ ಇಟ್ಟು, ಮೊಗ್ಗಿನ ಜಾಗದಲ್ಲಿ ಬೆನ್ನುಹುರಿಯ ತುಂಡನ್ನು ಇರಿಸಿದರೂ ಮೀಸೆಂಕೈಮ್ ಕೊಳವೆಗಳನ್ನು ಕಟ್ಟಿತು. ಆಗ ಸಂಕೇತದ ಹೆಸರು ಗೊತ್ತಿರಲಿಲ್ಲ, ಸಂಕೇತವಿದೆ ಎಂಬುದಷ್ಟೇ ಗೊತ್ತಿತ್ತು.

ಈಗ ಹೆಸರುಗಳು ಗೊತ್ತು. ಮೀಸೆಂಕೈಮ್ ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ಸ್ರವಿಸುತ್ತದೆ, ನಾಳದ ಕೋಶಗಳ ಮೇಲಿರುವ ರೆಟ್ ಎಂಬ ಗ್ರಾಹಿ ಅದನ್ನು ಹಿಡಿಯುತ್ತದೆ, ಮೊಗ್ಗು ಹೊರಡುತ್ತದೆ. ರೆಟ್ ಇಲ್ಲದ ಇಲಿಗಳ ವರದಿ 1994ರಲ್ಲಿ, ಜಿಡಿಎನ್‌ಎಫ್ ಇಲ್ಲದವುಗಳದು 1996ರಲ್ಲಿ ಬಂತು. ಎರಡರಲ್ಲೂ ಮೂತ್ರಪಿಂಡ ಇಲ್ಲವಾಗುವುದು ಅಥವಾ ತೀರಾ ಕುಗ್ಗುವುದು ಕಂಡಿತು. ಮೊಗ್ಗು ತನ್ನ ಸರದಿಯಲ್ಲಿ ವಿಂಟ್ ಕುಟುಂಬದ ಸಂಕೇತ ಪ್ರೋಟೀನಾದ ವಿಂಟ್9ಬಿ ಸ್ರವಿಸುತ್ತದೆ; ಅದನ್ನು ಪಡೆದ ಜನಕಕೋಶಗಳಲ್ಲಿ ಕೆಲವು ವಿಂಟ್4 ಚಾಲೂ ಮಾಡಿಕೊಂಡು ಎಪಿಥೀಲಿಯಂ ಆಗುತ್ತವೆ. ಹಾಳೆಯಲ್ಲಿ ಪ್ರತಿ ಸಂಕೇತಕ್ಕೂ ಮೂರು ಪದ ಸಾಕು: ಹೇಳಿದವರು, ಕೇಳಿದವರು, ಕೇಳಿದವರೊಳಗೆ ಬದಲಾದ ಜೀನ್. ಈ ಮೂರರಲ್ಲಿ ಒಂದು ತಪ್ಪಿದರೂ ಆ ಸಾಲನ್ನು ನಂಬಬೇಡಿ.

ಕೇಳಿಸಿಕೊಳ್ಳುವ ಕೋಶದ ಸ್ಥಿತಿಯನ್ನು ಮರೆಯುವುದು ಇಲ್ಲಿ ನಡೆಯುವ ಸಾಮಾನ್ಯ ತಪ್ಪು. ಅದೇ ವಿಂಟ್ ಸಂಕೇತವು ಕೆಲವು ಜನಕಕೋಶಗಳನ್ನು ಜನಕಕೋಶಗಳಾಗಿಯೇ ಉಳಿದು ಹೆಚ್ಚಲು ಬಿಡುತ್ತದೆ, ಇನ್ನು ಕೆಲವನ್ನು ನೆಫ್ರಾನ್ ಆಗಲು ದೂಡುತ್ತದೆ. ಸಂಕೇತದ ಪ್ರಮಾಣ ಒಂದು ಕಾರಣವಾದರೆ, ಒಳಗಿರುವ ಸಿಕ್ಸ್2 ಇನ್ನೊಂದು ಕಾರಣ. ಇಲಿಯಲ್ಲಿ ಸಿಕ್ಸ್2 ತೆಗೆದಾಗ ಜನಕಕೋಶಗಳೆಲ್ಲ ಅವಸರಕ್ಕೆ ಬಿದ್ದು ಒಮ್ಮೆಗೇ ನೆಫ್ರಾನ್ ಆಗಲು ಹೊರಟು ದಾಸ್ತಾನು ಮುಗಿದುಹೋಗುತ್ತದೆ, ಕೆಲವೇ ನೆಫ್ರಾನ್‌ಗಳಿರುವ ಪುಟ್ಟ ಮೂತ್ರಪಿಂಡ ಉಳಿಯುತ್ತದೆ. ಬಿತ್ತನೆಯ ಬೀಜವನ್ನೇ ಅಟ್ಟು ಉಂಡ ಹಾಗೆ.

ನಾಲ್ಕನೆಯ ಸಾಲು: ಮೇಸ್ತ್ರಿ ಯಾರು, ಕೆಲಸಗಾರ ಯಾರು

ಯಾವುದೇ ಕೋಶದ ಜೀನ್‌ಪಟ್ಟಿ ಕೈಗೆ ಸಿಕ್ಕಾಗ ಮೊದಲು ಅದನ್ನು ಎರಡು ಪಾಲು ಮಾಡಿ. ಇತರ ಜೀನ್‌ಗಳನ್ನು ಚಾಲೂ ಮಾಡುವ ಇಲ್ಲವೆ ಅದುಮುವ ಲಿಪ್ಯಂತರ ನಿಯಂತ್ರಕಗಳು ಮೇಸ್ತ್ರಿಗಳು. ಕೋಶದ ದಿನನಿತ್ಯದ ಕೆಲಸ ಮಾಡುವ ವಾಹಕಗಳು, ರಂಧ್ರಗಳು, ಕಿಣ್ವಗಳು ಕೆಲಸಗಾರರು. ಪೋಡೋಸೈಟಿನಲ್ಲಿ ಡಬ್ಲ್ಯೂಟಿ1, ಮಾಫ್‌ಬಿ, ಎಲ್‌ಎಮ್‌ಎಕ್ಸ್1ಬಿ ಮೇಸ್ತ್ರಿಗಳು; ನೆಫ್ರಿನ್, ಪೋಡೋಸಿನ್ ಕೆಲಸಗಾರರು. ಸಮೀಪದ ಕೊಳವೆಯಲ್ಲಿ ಎಚ್‌ಎನ್‌ಎಫ್4ಎ ಮೇಸ್ತ್ರಿ. ಪ್ರೋಟೀನನ್ನು ಮರಳಿ ಹೀರುವ ಮೆಗಾಲಿನ್, ಫಾಸ್ಫೇಟ್ ಸಾಗಿಸುವ ಎಸ್‌ಎಲ್‌ಸಿ34ಎ1 ಕೆಲಸಗಾರರು. ನೆಫ್ರಾನಿನಲ್ಲಿ ಕುಣಿಕೆಯಂತೆ ಬಾಗಿದ ಕೊಳವೆಯಾದ ಹೆನ್ಲೆ ಕುಣಿಕೆಯ ದಪ್ಪ ಏರುಭಾಗಕ್ಕೆ ಪಿಓಯು3ಎಫ್3 ಬೇಕು. ಯೂರೋಮಾಡ್ಯುಲಿನ್ ಅಲ್ಲಿನ ಗುರುತು. ಗುರುತಿಗಾಗಿ ಬಳಸುವ ಮಾರ್ಕರ್‌ಗಳಲ್ಲಿ ಹೆಚ್ಚಿನವು ಕೆಲಸಗಾರರೇ ಆಗಿರುವುದರಿಂದ, ಕೋಶವನ್ನು ಗುರುತಿಸುವ ಜೀನೇ ಕೋಶವನ್ನು ರೂಪಿಸಿತು ಎಂದು ಬರೆಯುವ ತಪ್ಪು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಸಮವಸ್ತ್ರ ತೊಟ್ಟವನನ್ನು ಕಂಡು ಅದನ್ನು ಹೊಲಿದವನೂ ಅವನೇ ಎಂದಂತಾಯಿತು.

ಈ ಸಾಲನ್ನು ಹತ್ತಿರದಿಂದ ನೋಡಲು ಸಂಗ್ರಹ ನಾಳಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಅಲ್ಲಿ ಎರಡು ಮುಖ್ಯ ಬಗೆಯ ಕೋಶಗಳು ಉಪ್ಪುಮೆಣಸಿನ ಹಾಗೆ ಬೆರೆತಿರುತ್ತವೆ. ಪ್ರಿನ್ಸಿಪಲ್ ಕೋಶಗಳಲ್ಲಿ ನೀರಿನ ರಂಧ್ರವಾದ ಅಕ್ವಾಪೋರಿನ್2 ಮತ್ತು ಸೋಡಿಯಂ ವಾಹಿನಿ ಇರುತ್ತವೆ. ಇಂಟರ್‌ಕ್ಯಾಲೇಟೆಡ್ ಕೋಶಗಳಲ್ಲಿ ಹೈಡ್ರೋಜನ್ ಅಯಾನನ್ನು ತಳ್ಳುವ ಪಂಪು ಮತ್ತು ಕಾರ್ಬಾನಿಕ್ ಆನ್‌ಹೈಡ್ರೇಸ್2 ಕಿಣ್ವ ಇರುತ್ತವೆ. ಒಂದೇ ನಾಳದ ಅಕ್ಕಪಕ್ಕದ ಎರಡು ಕೋಶಗಳು ಹೀಗೆ ಬೇರೆ ದಾರಿ ಹಿಡಿಯುವುದು ನಾಚ್ ಸಂಕೇತದ ಮೂಲಕ. ಒಂದು ಕೋಶ ತನ್ನ ಮೈಮೇಲೆ ಜ್ಯಾಗ್1 ಎಂಬ ಪ್ರೋಟೀನನ್ನು ಚಾಚುತ್ತದೆ. ಪಕ್ಕದ ಕೋಶದ ನಾಚ್ ಗ್ರಾಹಿ ಅದನ್ನು ತಾಗಿ ಸಂಕೇತ ಪಡೆಯುತ್ತದೆ. ಸಂಕೇತ ಪಡೆದದ್ದು ಪ್ರಿನ್ಸಿಪಲ್ ಆಗುತ್ತದೆ. ಪಡೆಯದೆ ಉಳಿದದ್ದರಲ್ಲಿ ಫಾಕ್ಸ್‌ಐ1 ಚಾಲೂ ಆಗಿ ಅದು ಇಂಟರ್‌ಕ್ಯಾಲೇಟೆಡ್ ಆಗುತ್ತದೆ. ಪ್ರಯೋಗದಲ್ಲಿ ನಾಚ್ ಸಂಕೇತವನ್ನು ತಡೆದರೆ ಎರಡನೆಯ ಬಗೆಯ ಕೋಶಗಳ ಪಾಲು ಹೆಚ್ಚುವುದು ಇದಕ್ಕೆ ಹೊಂದುತ್ತದೆ. ಇವೆಲ್ಲಕ್ಕೂ ಮೇಲೆ ಟಿಎಫ್‌ಸಿಪಿ2ಎಲ್1 ಎಂಬ ಇನ್ನೊಬ್ಬ ಮೇಸ್ತ್ರಿಯಿದ್ದು, ಜ್ಯಾಗ್1 ಚಾಲೂ ಆಗುವುದಕ್ಕೂ ಅದು ಬೇಕು.

ಫಾಕ್ಸ್‌ಐ1 ತೆಗೆದ ಇಲಿಯಲ್ಲಿ ಏನಾಗಬೇಕೆಂದು ನೀವು ಊಹಿಸುತ್ತೀರಿ? ಇಂಟರ್‌ಕ್ಯಾಲೇಟೆಡ್ ಕೋಶಗಳ ಜಾಗ ಖಾಲಿ ಬೀಳಬೇಕು, ಇಲ್ಲವೆ ಎಲ್ಲವೂ ಅಪ್ಪಟ ಪ್ರಿನ್ಸಿಪಲ್ ಆಗಬೇಕು. 2004ರಲ್ಲಿ ಕಂಡದ್ದು ಬೇರೆಯೇ. ಅಲ್ಲಿನ ಕೋಶಗಳೆಲ್ಲ ಒಂದೇ ಬಗೆಯವಾಗಿದ್ದು, ಪ್ರತಿಯೊಂದರಲ್ಲೂ ಎರಡೂ ಬಗೆಯ ಗುರುತುಗಳಿದ್ದವು, ಆಮ್ಲ ಹೊರಹಾಕುವ ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಅಂದರೆ ಮೇಸ್ತ್ರಿ ಇಲ್ಲದಾಗ ಕೋಶ ಮಾಯವಾಗುವುದಿಲ್ಲ. ಅತ್ತ ಇತ್ತ ನಿರ್ಧಾರವಾಗದೆ ನಡುದಾರಿಯಲ್ಲಿ ನಿಲ್ಲುತ್ತದೆ. ಬೆಳೆದ ಇಲಿಯ 57,979 ಕೋಶಗಳಲ್ಲಿ ಯಾವ ಜೀನ್ ಚಾಲೂ ಇದೆ ಎಂದು ಒಂದೊಂದಾಗಿ ಓದಿದ 2018ರ ಅಧ್ಯಯನದಲ್ಲಿ, ಆರೋಗ್ಯವಂತ ಮೂತ್ರಪಿಂಡದಲ್ಲಿಯೂ ಈ ಎರಡು ಬಗೆಗಳ ನಡುವಿನ ಒಂದು ಸಂಕ್ರಮಣ ಕೋಶ ಸಿಕ್ಕಿತು. ಕೋಶದ ಹಣೆಬರಹ ಒಮ್ಮೆ ಬರೆದು ಮುಗಿಸಿದ್ದಲ್ಲ, ಆಗಾಗ ತಿದ್ದಬಹುದಾದದ್ದು ಎಂದು ತೋರುತ್ತದೆ.

ಐದನೆಯ ಸಾಲು: ಸಾಕ್ಷ್ಯವನ್ನು ತೂಗುವುದು

ಜೀನ್ ಆ ಕೋಶದಲ್ಲಿ ಚಾಲೂ ಇದೆ ಎಂಬುದು ತೀರಾ ದುರ್ಬಲ ಸಾಕ್ಷ್ಯ. ಬಣ್ಣ ಹಚ್ಚಿ ನೋಡಿದರೂ ಅಷ್ಟೇ, ಒಂಟಿಕೋಶ ಆರ್‌ಎನ್‌ಎ ಓದಿದರೂ ಅಷ್ಟೇ. ಅದಕ್ಕಿಂತ ಗಟ್ಟಿಯಾದದ್ದು ಜೀನನ್ನು ಆ ಕೋಶದಲ್ಲಿ ಮಾತ್ರ ತೆಗೆದು ನೋಡುವುದು, ಏಕೆಂದರೆ ಇಡೀ ಪ್ರಾಣಿಯಲ್ಲಿ ತೆಗೆದರೆ ಡಬ್ಲ್ಯೂಟಿ1 ವಿಷಯದಲ್ಲಾದ ಹಾಗೆ ಮೊದಲ ಹಂತದಲ್ಲೇ ಎಲ್ಲ ಕುಸಿದು ಮುಂದಿನ ಪಾತ್ರ ಕಾಣುವುದಿಲ್ಲ. ಇಲಿಯಲ್ಲಿ ಇದಕ್ಕೆ ಕ್ರೀ ಎಂಬ ಕತ್ತರಿ ಕಿಣ್ವವನ್ನು ಸಿಕ್ಸ್2 ಅಥವಾ ಫಾಕ್ಸ್‌ಡಿ1 ಜೀನಿನ ಹತೋಟಿಯಲ್ಲಿಟ್ಟು ಬಳಸುತ್ತಾರೆ. ಅದೇ ಕತ್ತರಿಯಿಂದ ಬಣ್ಣದ ಜೀನೊಂದನ್ನು ಶಾಶ್ವತವಾಗಿ ಚಾಲೂ ಮಾಡಿದರೆ ಕೋಶದ ಸಂತತಿಯೆಲ್ಲ ಬಣ್ಣ ಹೊತ್ತು ತಿರುಗುತ್ತದೆ. ನಮ್ಮ ಮೂರು ಕಂಬಗಳು ಗಟ್ಟಿಯಾದದ್ದು ಹೀಗೆಯೇ. ಪ್ರೋಟೀನ್ ಆ ಜೀನಿನ ಪಕ್ಕದ ಡಿಎನ್‌ಎ ಮೇಲೆ ನಿಜಕ್ಕೂ ಕೂತಿದೆ ಎಂದು ತೋರಿಸಿದರೆ ಮಾತ್ರ ‘ನೇರವಾಗಿ ನಿಯಂತ್ರಿಸುತ್ತದೆ’ ಎಂದು ಬರೆಯಿರಿ.

ತೆಗೆದರೂ ಏನೂ ಆಗಲಿಲ್ಲ ಎಂದರೆ ಆ ಜೀನಿಗೆ ಕೆಲಸವಿಲ್ಲ ಎಂದಲ್ಲ. ಇಲಿಯಲ್ಲಿ ಹಾಕ್ಸ್ ಕುಟುಂಬದ ಎ11, ಸಿ11, ಡಿ11 ಜೀನ್‌ಗಳಲ್ಲಿ ಒಂದನ್ನು ತೆಗೆದರೆ ಉಳಿದವು ಹೊರೆ ಹೊರುತ್ತವೆ. ಮೂರನ್ನೂ ತೆಗೆದರೆ ಮೊಗ್ಗೇ ಹೊರಡುವುದಿಲ್ಲ. ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ: ಮನುಷ್ಯರಲ್ಲಿ ಪ್ಯಾಕ್ಸ್2 ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಮೂತ್ರಪಿಂಡ ಚಿಕ್ಕದಾಗಿ ಕಣ್ಣಿನಲ್ಲೂ ದೋಷ ಕಾಣಿಸಿಕೊಳ್ಳಬಹುದು.

ಮನುಷ್ಯರ ಕಾಯಿಲೆಗಳು ಪ್ರಕೃತಿ ತಾನೇ ನಡೆಸಿದ ಪ್ರಯೋಗಗಳು, ಮತ್ತು ಅವುಗಳನ್ನು ಓದುವಾಗ ಇತರ ಅಂಗಗಳ ಮೇಲೂ ಕಣ್ಣಿಡಬೇಕು. ಫಾಕ್ಸ್‌ಐ1 ಕೆಟ್ಟವರಲ್ಲಿ ರಕ್ತದ ಆಮ್ಲತೆ ಏರುವುದರ ಜೊತೆಗೆ ಕಿವುಡುತನವೂ ಇರುತ್ತದೆ, ಏಕೆಂದರೆ ಅದೇ ಮೇಸ್ತ್ರಿ ಒಳಗಿವಿಯಲ್ಲೂ ದುಡಿಯುತ್ತಾನೆ. ಎಚ್‌ಎನ್‌ಎಫ್1ಬಿ ಕೆಟ್ಟರೆ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು, ಜೊತೆಗೆ ಮಧುಮೇಹ. ಎಚ್‌ಎನ್‌ಎಫ್4ಎ ಪ್ರೋಟೀನಿನ 76ನೆಯ ಸ್ಥಾನದ ಒಂದೇ ಅಮೈನೋ ಆಮ್ಲ ಬದಲಾದರೆ ಸಮೀಪದ ಕೊಳವೆ ಸಕ್ಕರೆ, ಫಾಸ್ಫೇಟ್‌ಗಳನ್ನು ಸೋರಬಿಡುವ ಫ್ಯಾಂಕೋನಿ ಸ್ಥಿತಿ ಬರುತ್ತದೆ. ಡಬ್ಲ್ಯೂಟಿ1 ಜೀನಿನಲ್ಲಿಯಂತೂ ಪ್ರೋಟೀನ್ ಪೂರ್ತಿ ಕೆಡಬೇಕೆಂದೂ ಇಲ್ಲ: ಮೂರು ಅಮೈನೋ ಆಮ್ಲಗಳು ಇರುವ ಮತ್ತು ಇಲ್ಲದ ಎರಡು ರೂಪಗಳ ಅನುಪಾತ ತಪ್ಪಿದರೆ ಸಾಕು, ಫ್ರೇಸಿಯರ್ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ಗ್ಲೋಮೆರುಲಸ್‌ಗಳು ಗಾಯಗಟ್ಟುತ್ತವೆ.

ಹಾಳೆಯನ್ನು ಆರ್ಗನಾಯ್ಡ್ ಮುಂದೆ ಇಟ್ಟು ನೋಡುವುದು

2014 ಮತ್ತು 2015ರಲ್ಲಿ ಹಲವು ತಂಡಗಳು ಮನುಷ್ಯನ ಆಕರಕೋಶಗಳಿಂದ (ಸ್ಟೆಮ್ ಸೆಲ್) ಆರ್ಗನಾಯ್ಡ್ ಎಂಬ ಕಿರುಮೂತ್ರಪಿಂಡಗಳನ್ನು ಬೆಳೆಸಿದವು. ಅವರ ವಿಧಾನವನ್ನು ಮೇಲಿನ ಸಾಲುಗಳ ಜೊತೆಗಿಟ್ಟು ಓದಿದರೆ ಪ್ರತಿ ಹೆಜ್ಜೆಯ ಕಾರಣ ತಿಳಿಯುತ್ತದೆ: ವಿಂಟ್ ಸಂಕೇತವನ್ನು ಹೋಲುವ ಸಿಎಚ್ಐಆರ್ ಎಂಬ ರಾಸಾಯನಿಕವನ್ನು ಕೆಲವು ದಿನ ಕೊಟ್ಟು ಮಧ್ಯಸ್ತರವನ್ನು ಪಡೆಯುತ್ತಾರೆ, ನಂತರ ಎಫ್‌ಜಿಎಫ್9 ಕೊಟ್ಟು ಜನಕಕೋಶಗಳತ್ತ ತಿರುಗಿಸುತ್ತಾರೆ. ಮೊಗ್ಗಿನ ಕೋಶಗಳೂ ಮೀಸೆಂಕೈಮಿನ ಕೋಶಗಳೂ ಭ್ರೂಣದಲ್ಲಿ ಬೇರೆ ಬೇರೆ ಹೊತ್ತಿಗೆ ಬೇರೆಯಾಗುವುದರಿಂದ ಒಂದೇ ಪಾಕದಲ್ಲಿ ಎರಡನ್ನೂ ಚೆನ್ನಾಗಿ ಪಡೆಯುವುದು ಕಷ್ಟ. ಇವುಗಳಲ್ಲಿನ ಕೋಶಗಳು ಬೆಳೆದ ಮನುಷ್ಯನವನ್ನಲ್ಲ, ಭ್ರೂಣದವನ್ನು ಹೋಲುತ್ತವೆ. ನರ ಮತ್ತು ಸ್ನಾಯುವನ್ನು ಹೋಲುವ ಕರೆಯದೆ ಬಂದ ಕೋಶಗಳೂ ಇರುತ್ತವೆ.

ಕೊನೆಯದಾಗಿ ಒಂದು ಹಾಳೆಯನ್ನು ನೀವೇ ತುಂಬಿ ನೋಡಿ. ಮೆಸಾಂಜಿಯಲ್ ಕೋಶ ಒಳ್ಳೆಯ ಅಭ್ಯಾಸ. ಮೂಲ: ಫಾಕ್ಸ್‌ಡಿ1 ಕಂಬ. ಸಮಯ: ಎಸ್ ಆಕಾರದ ಬಿರುಕಿನೊಳಗೆ ರಕ್ತನಾಳದ ಕೋಶಗಳು ಹೊಕ್ಕ ಹೊತ್ತು. ಸಂಕೇತ: ಪೋಡೋಸೈಟಿನ ವಿಇಜಿಎಫ್ ರಕ್ತನಾಳದ ಕೋಶಗಳನ್ನು ಕರೆಯುತ್ತದೆ, ಅವು ಸ್ರವಿಸುವ ಪಿಡಿಜಿಎಫ್-ಬಿ ಮೆಸಾಂಜಿಯಲ್ ಕೋಶಗಳನ್ನು ಕರೆಯುತ್ತದೆ, ಕೇಳಿಸಿಕೊಳ್ಳುವ ಗ್ರಾಹಿ ಪಿಡಿಜಿಎಫ್‌ಆರ್-ಬೀಟಾ. ಸಾಕ್ಷ್ಯ: ಈ ಸಂಕೇತವಿಲ್ಲದ ಇಲಿಯಲ್ಲಿಯೂ ಗ್ರಾಹಿಯಿಲ್ಲದ ಇಲಿಯಲ್ಲಿಯೂ ಮೆಸಾಂಜಿಯಲ್ ಕೋಶಗಳು ಕಾಣೆಯಾಗಿದ್ದುದು 1994ರಲ್ಲಿ ವರದಿಯಾಯಿತು. ನಿಯಂತ್ರಕದ ಸಾಲಿನಲ್ಲಿ ಗಾಟಾ3 ಬರೆಯಿರಿ, ಮತ್ತು ಬರೆದ ಕೂಡಲೇ ಮೊದಲ ಕಂಬದತ್ತ ಒಂದು ಗೆರೆ ಎಳೆಯಿರಿ, ಏಕೆಂದರೆ ಮೊಗ್ಗಿನ ನಾಳದಲ್ಲಿಯೂ ಅದರ ಸಂತತಿಯಾದ ಸಂಗ್ರಹ ನಾಳದಲ್ಲಿಯೂ ಇದೇ ಜೀನ್ ಚಾಲೂ ಇರುತ್ತದೆ. ಆರ್ಗನಾಯ್ಡಿನಲ್ಲಿ ಗಾಟಾ3 ಬಣ್ಣ ಹತ್ತಿದ ಕೋಶವೊಂದು ಕಂಡರೆ ‘ಸಂಗ್ರಹ ನಾಳ’ ಎಂದು ಬರೆದುಬಿಡುವ ಮೊದಲು, ಅದೇ ಕೋಶದಲ್ಲಿ ಎಪಿಥೀಲಿಯಮಿನ ಗುರುತಾದ ಇ-ಕ್ಯಾಡ್ಹೆರಿನ್ ಇದೆಯೇ, ಇಲ್ಲ ಪಿಡಿಜಿಎಫ್‌ಆರ್-ಬೀಟಾ ಇದೆಯೇ ಎಂದು ಇನ್ನೊಂದು ಬಣ್ಣ ಹಚ್ಚಿ ನೋಡಿ.